ಬಾಕಿ ಇದ್ದ ಶರಣಾಗತಿ

೧೮೫೮ರಲ್ಲಿ ಸೋತ ನಮ್ಮ ಬೇಡರ ನಾಯಕತನವು ೧೯೯೭ರ ಆಗಸ್ಟ್ ಹದಿಮೂರರ ತನಕ ಸರಕಾರಕ್ಕೆ ಶರಣಾಗಿರಲಿಲ್ಲ. ಈ ಲೋಪವನ್ನು ನಾನೇ ಸರಿಪಡಿಸಿದೆ.

ನಾನು ಹನುಮಂತಪ್ಪ. ಹುಬ್ಬಳ್ಳಿಯ ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲ. ಮೂರನೇ ಇಯತ್ತೆ ಕಲಿತಿದ್ದೇನೆ. ಆ ವರ್ಷ ಯುಗಾದಿ ಮುಂದೆ ಹೆಂಡತಿ ಬಾಳವ್ವ ತೀರಿಕೊಂಡಳು. ನಮ್ಮಲ್ಲಿ ಸತ್ತವರ ಹೆಸರಿನ ಕಲ್ಲನ್ನು ಊರ ಗುಡ್ಡದ ಮೇಲೆ, ಹಿರಿಯರ ಕಲ್ಲುಗಳ ಸಾಲಿನಲ್ಲಿ ನಿಲ್ಲಿಸಬೇಕು. ಇಲ್ಲದಿದ್ದರೆ ಸತ್ತವರಿಗೆ ನೆಲೆ ಇಲ್ಲ. ಗುಡ್ಡಕ್ಕೆ ಈಗ ತಂತಿಬೇಲಿ. ಧಾರವಾಡದ ಗುಡ್ಡಗಾವಲು ಕಚೇರಿಗೆ ಅರ್ಜಿ ಕೊಟ್ಟೆ. ಕಲ್ಲನ್ನೂ ಹೊತ್ತು ಒಯ್ದೆ.

ಅರ್ಜಿಯ ಜೊತೆ ಬಂದದ್ದೆಲ್ಲ ಅಡಕ. ಕಾರಕೂನ ಗುರುಶಿದ್ದಪ್ಪ ಕಲ್ಲಿಗೆ ಚೀಟಿ ಅಂಟಿಸಿ ‘ಅಡಕ ೧’ ಎಂದು ಬರೆದ.

“ಗುಡ್ಡ ನಿಮ್ದು ಅನ್ನಾಕ ಪುರಾವೆ ಏನೈತೋ?”

“ಹಿರ್ಯಾರ ಕಲ್ಲು ಅದಾವ್ರಿ ಅಲ್ಲೆ.”

“ಎಲ್ಲಾ ಗುಡ್ಡದಾಗೂ ಕಲ್ಲು ಇರ್ತಾವೋ ಮಾರಾಯ. ಕಾಗದ ಹೇಳು.”

ಕಾಗದವನ್ನು ಅವನೇ ಹುಡುಕಿದ. ಎರಡು ತಿಂಗಳು ಹಿಡಿಯಿತು. ೧೮೫೮ರ ಹಳೇ ಕಡತದಲ್ಲಿ ಹೀಗಿತ್ತು: ‘ಗುಡ್ಡ ಮತ್ತು ಸುತ್ತಿನ ಏಳು ಊರು ಬೇಡ ನಾಯಕನ ಆಳ್ವಿಕೆಗೆ ಸೇರಿದ್ದು. ಆಯುಧ ಒಪ್ಪಿಸಲು ಆದೇಶಿಸಲಾಗಿ, ಒಪ್ಪದೆ ಅಡವಿ ಸೇರಿದ್ದಾನೆ. ಶರಣಾಗತಿ ಬಾಕಿ.’ ಆ ನಾಯಕ ನನ್ನ ಮುತ್ತಜ್ಜನ ಅಪ್ಪ. ಸಾಲಿನಲ್ಲಿ ಮೊದಲ ಕಲ್ಲು ಅವನದು.

ನಾನು ನೆಲಕ್ಕೆ ಕೂತೆ. ಆಡಿಗೆ ಹುಲ್ಲು ಕೊಯ್ದಳೆಂದು ಅದೇ ಗುಡ್ಡದ ಮೇಲೆ ಇದೇ ಕಚೇರಿಯ ಕಾವಲುಗಾರ ಹಿಂದೊಮ್ಮೆ ಬಾಳವ್ವನ ಕುಡುಗೋಲು ಕಸಿದುಕೊಂಡಿದ್ದ. ಕಳ್ಳಿ ಅಂದಿದ್ದ. ಆಕೆ ಕೈ ಮುಗಿದಿದ್ದಳು. ನಾನೂ ಮುಗಿದಿದ್ದೆ.

“ಹಂಗಾದ್ರ ಇದು ನಮ್ಮ ರಾಜ್ಯೇನ್ರಿ?”

“ಅದ ತೊಂದರಿ ಆಗೇತ್ರಿ ನಾಯಕರ. ಪರರಾಜ್ಯದವರ ಅರ್ಜಿ ಈ ಖಿಡಕ್ಯಾಗ ತಗೊಳ್ಳಾಂಗಿಲ್ರಿ.”

ಅಂದಿನಿಂದ ಅವನು ನನಗೆ ‘ರೀ’ ಹಚ್ಚಿದ. ಕುರ್ಚಿ ಕೊಟ್ಟ.

ಸ್ವಾತಂತ್ರ್ಯದ ಸುವರ್ಣ ಮಹೋತ್ಸವಕ್ಕೆಂದು ಕಚೇರಿಯಲ್ಲಿ ಹಳೇ ಕಡತ ವಿಲೇವಾರಿ ಅಭಿಯಾನ ನಡೆದಿತ್ತು. ಅಧಿಕಾರಿ ಸುಹಾಸಿನಿ ಮೇಡಂ ಪ್ರಕಟಣೆ ಹೊರಡಿಸಿದರು: ‘ಬಾಕಿ ಇರುವ ಶರಣಾಗತಿಗಳನ್ನು ಆಗಸ್ಟ್ ಹದಿನೈದರೊಳಗೆ ಪೂರೈಸತಕ್ಕದ್ದು. ಸೋತವರು ಆಯುಧ ಸಮೇತ ಖುದ್ದು ಹಾಜರಿರತಕ್ಕದ್ದು. ಚಹಾದ ವ್ಯವಸ್ಥೆ ಇದೆ.’

“ಆಯುಧ ಎಲ್ಲೈತ್ರಿ?” ಹದಿಮೂರನೇ ತಾರೀಖು ಹಾಜರಾದಾಗ ಮೇಡಂ ಕೇಳಿದರು.

“ನಿಮ್ಮ ಕಡೇನ ಐತ್ರಿ. ನನ್ನ ಹೆಂಡ್ತಿ ಕುಡುಗೋಲು.”

ಉಗ್ರಾಣದಿಂದ ತರಿಸಿದರು. ಹಿಡಿ ಆಕೆಯ ಕೈ ಅಳತೆಗೆ ಸವೆದಿತ್ತು. ಸಹಿ ಮಾಡಿಸಿಕೊಂಡು, ಶರಣಾಗುವ ಸಲುವಾಗಿ ಮಾತ್ರ, ಅರ್ಧ ತಾಸಿಗೆ ಕೊಟ್ಟರು.

“ಶರಣಾದ್ರ ಕಲ್ಲು ಇಡಾಕ ಬಿಡ್ತೀರೇನ್ರಿ ಮೇಡಂ?”

“ಮೊದ್ಲ ಶರಣಾಗ್ರಿ. ಆಮ್ಯಾಲೆ ಅರ್ಜಿ ನೋಡೂಣು.”

ಅರ್ಧ ತಾಸು ಪೂರಾ ಹಿಡಿದುಕೊಂಡೆ. ಆಮೇಲೆ ಮೇಜಿನ ಮೇಲಿಟ್ಟೆ. ಚಪ್ಪಾಳೆ ಆಯಿತು. ಚಹಾ ಆಯಿತು.

ಹದಿನೆಂಟನೇ ತಾರೀಖು ಅರ್ಜಿಯನ್ನು ನೋಡಲಾಯಿತು. ‘ಅರ್ಜಿದಾರನು ಗುಡ್ಡದ ಮೇಲಿನ ಹಕ್ಕನ್ನು ಸ್ವಇಚ್ಛೆಯಿಂದ ಒಪ್ಪಿಸಿರುವುದರಿಂದ ತಿರಸ್ಕರಿಸಿದೆ.’

“ಕಲ್ಲಾದ್ರೂ ತಿರುಗಿ ಕೊಡ್ರಿ,” ಅಂದೆ.

“ಅಡಕ ತಿರುಗಿ ಕೊಡಾಂಗಿಲ್ಲಲೇ ಹನುಮಂತಪ್ಪ,” ಎಂದ ಗುರುಶಿದ್ದಪ್ಪ. ನನಗೆ ಕೊಟ್ಟಿದ್ದ ಕುರ್ಚಿ ಎಳೆದುಕೊಂಡ.

ಹತ್ತು ವರ್ಷವಾಯಿತು. ಬಾಳವ್ವ ದಾಖಲೆ ಕೋಣೆಯ ಮೂರನೇ ಕಪಾಟಿನಲ್ಲಿದ್ದಾಳೆ. ಪ್ರತಿ ಅಮಾವಾಸ್ಯೆಗೆ ಕಾಯಿ ಒಯ್ಯುತ್ತೇನೆ. ಪುಸ್ತಕದಲ್ಲಿ ‘ಕಡತ ವೀಕ್ಷಣೆ’ ಎಂದು ಬರೆದು ಸಹಿ ಹಾಕುತ್ತೇನೆ. ಕಚೇರಿಯವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಾರೆ.

ಹೋದ ತಿಂಗಳು ನಮ್ಮ ಓಣಿಯ ದೇವಕ್ಕ ತೀರಿಕೊಂಡಳು. ಮಗ ದುರ್ಗೇಶ ಗುಡ್ಡದ ಕಡೆ ಹೋಗಲೇ ಇಲ್ಲ. ಕಲ್ಲು ಹೊತ್ತು ನೆಟ್ಟಗೆ ಕಚೇರಿಗೆ ಬಂದ.

“ಕಪಾಟಿನ್ಯಾಗ ಜಾಗಾ ಐತೇನ್ರಿ?”

ಗುರುಶಿದ್ದಪ್ಪ ಬಾಳವ್ವನನ್ನು ಒಂದು ಗೇಣು ಸರಿಸಿದ.