ನಮ್ಮ ನಾಟಕ ಓದಿನ ಐದನೆಯ ನಿಯಮ

ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು. ನನಗೆ ನಿಯಮ ಮಾಡುವ ಚಟ. ತಾಲ್ಲೂಕು ಕಚೇರಿಯ ಗುಮಾಸ್ತನಾಗಿ ಬೇರೆಯವರು ಮಾಡಿದ ನಿಯಮಗಳನ್ನೇ ಪಾಲಿಸಿ ಬೇಸತ್ತಿದ್ದೆ. ಹಿರಿಯೂರಿನಲ್ಲಿ ನಾವು ಕೆಲವರು ಸೇರಿ ನಾಟಕ ಓದುವ ಕೂಟ ಶುರುಮಾಡಿದಾಗ ಕಾರ್ಯದರ್ಶಿ ಪದವಿ ತಾನಾಗಿಯೇ ನನಗೆ ಒಲಿದು ಬಂತು. ಅಂದರೆ ಬೇರೆ ಯಾರಿಗೂ ಅದು ಬೇಕಿರಲಿಲ್ಲ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಪ್ರಾಥಮಿಕ ಶಾಲೆಯ ಪುಟ್ಟ ಬೆಂಚುಗಳ ಮೇಲೆ, ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂತು ಓದುತ್ತಿದ್ದೆವು. ಬಣ್ಣವಿಲ್ಲ, ಪರದೆಯಿಲ್ಲ, ಕಂಠಪಾಠವಿಲ್ಲ. ಬಸ್ ಕಂಡಕ್ಟರೂ ಬರಬಹುದು, ಕಂಪನಿ ನಾಟಕದಲ್ಲಿ ಬದುಕು ಸವೆಸಿದವರೂ ಬರಬಹುದು. ಹಿತ್ತಾಳೆ ಚೊಂಬಿನಲ್ಲಿ ಚೀಟಿ ಹಾಕಿ ಎತ್ತಿದರೆ ಬಂದದ್ದೇ ಪಾತ್ರ.

ಇಷ್ಟಕ್ಕೆ ಸುಮ್ಮನಿರಬಹುದಿತ್ತು. ನಾನು ಐದನೆಯ ನಿಯಮವನ್ನೂ ಸೇರಿಸಿದೆ: ಓದುವ ದಿನದವರೆಗೆ ನಾಟಕವನ್ನು ಯಾರೂ ನೋಡಕೂಡದು. ಕಂಪನಿಯವರು ಮನೆಯಲ್ಲಿ ತಯಾರಾಗಿ ಬಂದುಬಿಟ್ಟರೆ ನಮ್ಮಂಥ ಹವ್ಯಾಸಿಗಳ ಗತಿಯೇನು ಎಂಬುದು ಹೊರಗೆ ಹೇಳಿದ ಕಾರಣ. ಒಳಗಿನದನ್ನೂ ಹೇಳಿಬಿಡುತ್ತೇನೆ. ಚೊಂಬು ನನಗೆ ಎರಡು ವರ್ಷದಲ್ಲಿ ಸೇವಕನಿಗಿಂತ ಮೇಲಿನ ಪಾತ್ರ ಕೊಟ್ಟಿರಲಿಲ್ಲ. ಒಂದು ದಿನ ದೊರೆಯ ಚೀಟಿ ಬಂದೇ ಬರುತ್ತದೆ, ಆ ದಿನ ನನ್ನನ್ನು ಮೀರಿಸುವಂತೆ ಯಾರೂ ಓದಬಾರದು ಎಂಬ ದೂರಾಲೋಚನೆ ನನ್ನದು. ಸೈಕ್ಲೋಸ್ಟೈಲ್ ಪ್ರತಿಗಳನ್ನು ನಾನೇ ಜೋಡಿಸಿ, ಪಿನ್ನು ಹೊಡೆದು, ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆ.

ಹೀಗಿರುವಾಗ ತಿಪ್ಪಮ್ಮ ಬಂದರು. ಧರ್ಮಪುರದ ಕಡೆಯವರು. ಕಂಪನಿಯಲ್ಲಿ ಅವರ ಹೆಸರು ತಾರಾಮಣಿ. ಮೂವತ್ತು ವರ್ಷ ರಾಣಿಯಾಗಿದ್ದು, ಕಂಪನಿ ಮುಚ್ಚಿದ ಮೇಲೆ ನಮ್ಮ ಬೀದಿಯಲ್ಲಿ ರವಿಕೆ ಹೊಲಿಯುತ್ತಿದ್ದರು. ಯಾರ ಅಳತೆಯನ್ನೂ ಬರೆದುಕೊಳ್ಳುತ್ತಿರಲಿಲ್ಲ. ನನ್ನ ಹೆಂಡತಿ ಗಿರಿಜೆಯನ್ನು ಬಾಗಿಲಲ್ಲಿ ನೋಡಿದವರೇ, "ಹೋದ್ ವರ್ಷಕ್ಕಿಂತ ತೋಳು ಅರ್ಧ ಇಂಚು ಜಾಸ್ತಿ ಆಗೈತೆ ಕಣಮ್ಮ" ಎಂದು ಹೇಳಿ, ನಾನು ಹತ್ತು ವರ್ಷದಲ್ಲಿ ಹೇಳಲು ಧೈರ್ಯ ಮಾಡದಿದ್ದುದನ್ನು ಹೇಳಿ ಮುಗಿಸಿದ್ದರು. ಅವರು ಬರೆದುಕೊಳ್ಳದಿದ್ದುದಕ್ಕೆ ಕಾರಣ, ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಅಷ್ಟೂ ರಾಣಿಯರನ್ನು ಯಾರೋ ಓದಿ ಹೇಳಿದ್ದನ್ನು ಕಿವಿಯಿಂದಲೇ ಕಲಿತಿದ್ದರು. ಇದು ನನಗೆ ತಿಳಿದದ್ದು ತಡವಾಗಿ; ನಿಮಗೆ ಈಗಲೇ ಹೇಳುತ್ತಿದ್ದೇನೆ, ಏಕೆಂದರೆ ಗುಟ್ಟು ಇಟ್ಟುಕೊಂಡು ಕಥೆ ಹೇಳುವ ಜಾಣತನ ನನಗಿಲ್ಲ.

"ಸ್ವಾಮಿ, ಈ ಸಲ ನಾನೂ ಬತ್ತೀನಿ. ಪುಸ್ತಕ ಒಂದ್ ವಾರ ಮುಂಚೆ ಕೊಡ್ರಿ, ಕೇಳ್ಕಂತೀನಿ" ಎಂದರು.

ಓದಿಕೊಳ್ಳುತ್ತೇನೆ ಎನ್ನದೆ ಕೇಳಿಕೊಳ್ಳುತ್ತೇನೆ ಎಂದದ್ದನ್ನು ಬುದ್ಧಿಯಿದ್ದವನು ಗಮನಿಸುತ್ತಿದ್ದ. ನಾನು ಐದನೆಯ ನಿಯಮವನ್ನು ಅವರಿಗೆ ಎರಡು ಸಲ ವಿವರಿಸಿದೆ. "ರಾಣಿಗೂ ಅದೇ, ಸೇವಕನಿಗೂ ಅದೇ" ಎಂದೆ. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಊಟಕ್ಕೆ ಕೂತಾಗ ಗಿರಿಜೆಗೂ ಹೇಳಿದೆ. ಅವಳು ಇನ್ನೊಂದು ಸೌಟು ಸಾರು ಬಡಿಸಿದಳು. ಆ ವಾರವೆಲ್ಲ ನಾನು ಕಚೇರಿಗೆ ಹೊರಟ ಮೇಲೆ ತಿಪ್ಪಮ್ಮ ರವಿಕೆಯ ನೆಪದಲ್ಲಿ ನಮ್ಮ ಮನೆಗೆ ಬರುತ್ತಿದ್ದರಂತೆ.

ಭಾನುವಾರ ಚೊಂಬಿಗೆ ಕೈ ಹಾಕಿದೆ. ದೊರೆ! ಸುಳ್ಳೇಕೆ, ಕಣ್ಣಲ್ಲಿ ನೀರು ಬಂತು. ಉಳಿದವರ ಚೀಟಿಗಳನ್ನು ಎಂದಿನಂತೆ ನಾನೇ ಬಿಚ್ಚಿ ಕೂಗಿದೆ: ತಿಪ್ಪಮ್ಮನಿಗೆ ದೊರೆಯ ಅಕ್ಕನ ಪಾತ್ರ, ನನ್ನ ಪಕ್ಕದ ಜಾಗ. ಅಧ್ಯಕ್ಷರಾಗಿದ್ದ ಪಶು ಆಸ್ಪತ್ರೆಯ ಕುರಿ ಡಾಕ್ಟರು ಮಂತ್ರಿ. ತಿಪ್ಪಮ್ಮ ಬಾಯಿ ತೆರೆದದ್ದೇ ತಡ, ಬೆಂಚುಗಳು ಕಿರುಗುಟ್ಟುವುದನ್ನು ನಿಲ್ಲಿಸಿದವು. ಇವರೆದುರು ನನ್ನ ದೊರೆತನ ಉಳಿಯುವುದಿಲ್ಲ ಎಂದು ಖಾತ್ರಿಯಾಯಿತು. ಆ ಗಾಬರಿಯಲ್ಲೇ ಪುಟ ತಿರುಗಿಸಿದರೆ ಒಂಬತ್ತನೆಯ ಪುಟದ ಹಿಂದೆ ಮತ್ತೊಂದು ಒಂಬತ್ತನೆಯ ಪುಟ. ಹತ್ತನೆಯದು ಇಲ್ಲವೇ ಇಲ್ಲ. ಪಿನ್ನು ಹೊಡೆದವನು ನಾನೇ ಆದ್ದರಿಂದ ಬಯ್ಯಲು ಯಾರೂ ಸಿಗಲಿಲ್ಲ. ಆಗಲೇ ಹೇಳಿದ್ದ ಮಾತನ್ನು ಇನ್ನಷ್ಟು ಗತ್ತಿನಿಂದ ಇನ್ನೊಮ್ಮೆ ಹೇಳಿದೆ.

ಡಾಕ್ಟರು ತಲೆಯೆತ್ತಿದರು. "ಏನ್ರಿ ಸೆಕ್ರೆಟ್ರಿ, ದೊರೆಗೆ ಮರೆವೇನು? ಪುಟ ಇಲ್ದಿದ್ರೆ ತಿಪ್ಪಮ್ಮನೋರ್ದು ಇಸ್ಕಳ್ರಿ."

ನಾನು ಕೈ ಚಾಚಿದೆ. ತಿಪ್ಪಮ್ಮ ಪ್ರತಿಯನ್ನು ಎದೆಗೆ ಒತ್ತಿಕೊಳ್ಳುವ ಮುನ್ನ ಅದು ನಾಲ್ಕನೆಯ ಪುಟದಲ್ಲೇ ತೆರೆದಿದ್ದುದು ಕಾಣಿಸಿತು. ಅವರ ಮುಖವೂ ಕಾಣಿಸಿತು. ಮೂವತ್ತು ವರ್ಷ ಸಾವಿರ ಜನರೆದುರು ನಿಂತ ಹೆಂಗಸು ಹನ್ನೆರಡು ಜನರೆದುರು ಬೆವರುತ್ತಿದ್ದರು. ಎಲ್ಲವೂ ಆಗ ಅರ್ಥವಾಯಿತು, ನನ್ನ ನಿಯಮದ ಬಗ್ಗೆ ನನಗೇ ಅಸಹ್ಯವಾಯಿತು. ಚಾಚಿದ ಕೈಯನ್ನು ಹಿಂದಕ್ಕೆ ತಂದು, "ಬೇಡ ಡಾಕ್ಟ್ರೇ, ಪುಟ ಐತೆ. ನಂಗೇ ಅಕ್ಷರ ಕೂಡಿಸ್ಕಳ್ಳಕ್ಕೆ ಸ್ವಲ್ಪ ಟೈಮ್ ಬೇಕು" ಎಂದೆ.

ಕನ್ನಡಕ ಮಂಜಾಗಿದೆ ಎಂದಿದ್ದರೆ ಸಾಕಿತ್ತು. ಅದು ಆಗ ಹೊಳೆಯಲಿಲ್ಲ.

ಪಕ್ಕದಿಂದ ತುಟಿ ಅಲುಗದ ಪಿಸುಮಾತು ಕೇಳಿಸಿತು: "ಮಂತ್ರಿಗಳೇ, ನಮ್ಮ ಅಪ್ಪಣೆಯಿಲ್ಲದೆ ಕೆರೆಯ ತೂಬು ತೆರೆಸಿದವರು ಯಾರು?" ನಾನು ಹಾಗೆಯೇ ಹೇಳಿದೆ. ಯಾವ ಚೀಟಿ ಬರುತ್ತದೋ ತಿಳಿಯದೆ ಆಕೆ ಇಡೀ ನಾಟಕವನ್ನೇ ಕಲಿತು ಬಂದಿದ್ದರು. ದೊರೆ, ಮಂತ್ರಿ, ಬಾಗಿಲು ಕಾಯುವವನು, ಎಲ್ಲರೂ ಅವರ ತಲೆಯಲ್ಲಿದ್ದರು. ಒಂದು ಪುಟದುದ್ದಕ್ಕೂ ಅವರು ಉಸುರಿದರು, ನಾನು ಗುಡುಗಿದೆ. ನಡುವೆ "ಇಲ್ಲಿ ವಸಿ ತಡೀರಿ" ಎಂಬ ಸೂಚನೆಯೂ ಬಂತು. ತಡೆದೆ. ಮುಗಿದ ಮೇಲೆ ಎಲ್ಲರೂ ಆ ಒಂದು ಪುಟವನ್ನು ವಿಶೇಷವಾಗಿ ಹೊಗಳಿದರು. ಉಳಿದ ಪುಟಗಳನ್ನು ನಾನು ಒಬ್ಬನೇ ಓದಿದ್ದೆ.

ಮನೆಗೆ ಬಂದು ಗಿರಿಜೆಯನ್ನು ಕೇಳಿದೆ: "ಬೀರು ಬೀಗ ಹಾಕಿತ್ತಲ್ಲ?"

"ಹಾಕಿತ್ತು. ಕೀ ಎಲ್ಲಿರುತ್ತೆ ಅಂತ ದಿನಾ ನನ್ನೇ ಅಲ್ವೇನ್ರಿ ಕೇಳೋದು?"

ಮುಂದಿನ ಸಭೆಯಲ್ಲಿ, ಎಲ್ಲರಿಗೂ ನಾಟಕವನ್ನು ಒಂದು ವಾರ ಮುಂಚೆಯೇ ಕೊಡಬೇಕೆಂದು ನಾನೇ ಸೂಚಿಸಿದೆ. "ಕಾರಣ ಬರೀರಿ. ಕಾರಣ ಬರೀದೆ ನಿಯಮ ಬದಲಾಯಿಸ್ಬಾರ್ದು ಅಂತ ನೀವೇ ಮಾಡಿಟ್ಟಿದ್ದೀರಲ್ಲ" ಎಂದರು ಡಾಕ್ಟರು. ನಿಜವಾದ ಕಾರಣ ನನ್ನ ಎದುರಿಗೆ ಸೆರಗು ಹೊದ್ದು ಕೂತಿತ್ತು. ನಾನು ನನ್ನ ದುಂಡಾದ ಅಕ್ಷರದಲ್ಲಿ, "ಕಾರ್ಯದರ್ಶಿಗಳಿಗೆ ಸರಿಯಾಗಿ ಓದಲು ಬಾರದಿರುವುದರಿಂದ" ಎಂದು ಬರೆದು ಗಟ್ಟಿಯಾಗಿ ಓದಿದೆ. ಯಾರಾದರೂ ಸೌಜನ್ಯಕ್ಕಾದರೂ ಅಲ್ಲಗಳೆಯುತ್ತಾರೇನೋ ಎಂದು ಕಾದೆ.

ಅನುಮೋದಿಸಲು ಮೊದಲು ಕೈಯೆತ್ತಿದವರು ತಿಪ್ಪಮ್ಮ. "ಹೂಂ ಅನ್ರಪ್ಪ, ಪಾಪ" ಎಂದು ಎಲ್ಲರನ್ನೂ ನೋಡಿ ಹೇಳಿದರು. "ಓದಕ್ಕೆ ಬರ್ದಿದ್ರೆ ಏನಾತು? ನಮ್ ಕಂಪ್ನೀಲೂ ಅಂಥೋರು ಇದ್ರು. ಆದ್ರೆ ಅವ್ರು ಒಳ್ಳೇ ಆಕ್ಟ್ರು."