ಅಂಜಲ್, ಬನ್ಸ್ ಮತ್ತು ಪಕ್ಕದ ದೇಶದ ಸೋರಿಕೆ

ಅಕ್ಟೋಬರ್ ಒಂಬತ್ತು. ಬೆಳಿಗ್ಗೆ ಮೋಡ, ಆಮೇಲೆ ಸೆಕೆ. "ಎಲ್ಲ ಸರಿ ಉಂಟು" ಎಂದು ಯಾರಾದರೂ ಹೇಳಿದ ಕೂಡಲೇ ನಮ್ಮ ಬಂದರಿನಲ್ಲಿ ಗಾಬರಿ ಶುರುವಾಗುತ್ತದೆ. ಇಲ್ಲಿನ ಐಸ್ ಪ್ಲಾಂಟಿನ ಮ್ಯಾನೇಜರ್ ಆಗಿ ಎಷ್ಟೋ ಸಲ ನೋಡಿದ್ದೇನೆ.

1. ಹೇಳಲಿಲ್ಲ

ಕಡಲಾಚೆಯ ಪಕ್ಕದ ದೇಶದಲ್ಲಿ ಅಣುಸ್ಥಾವರ ಸೋರಿದೆ, ಮೀನು ತಿನ್ನಬೇಡಿ ಎಂದು ಮೊಬೈಲಿನಲ್ಲಿ ಸುದ್ದಿ ಬಂತು. ಮೀನಿನ ವ್ಯಾಪಾರಿ ಹಾಜಿಯವರ ಒಂದು ಲೋಡ್ ಅಂಜಲ್ ಮೀನು ನಮ್ಮ ಐಸಿನಲ್ಲಿತ್ತು. ಅಷ್ಟನ್ನೂ ಕೊಳ್ಳಬೇಕಿದ್ದ ಕೂಳೂರಿನ ಹೋಟೆಲ್ ಮಾಲೀಕ ಶೆಟ್ರು, "ನನಗೆ ಬೇಡ" ಎಂದರು.

ಹಾಜಿಯವರು ನನ್ನ ಮುಖ ನೋಡಿದರು. ಎಲ್ಲೋ ಓದಿದ್ದನ್ನು ಹೇಳಿದೆ: "ಗಡಿ ದಾಟುವಂಥ ಸೋರಿಕೆ ಆದರೆ ನೆರೆಯವರಿಗೆ ತಕ್ಷಣ ತಿಳಿಸಬೇಕು ಅಂತ ದೇಶಗಳ ನಡುವೆ ಒಪ್ಪಂದ ಉಂಟು, ಶೆಟ್ರೇ."

"ನಮಗೆ ತಿಳಿಸಿದ್ದಾರಾ?"

"ಇಲ್ಲ."

"ನೋಡಿ! ಮುಚ್ಚಿಟ್ಟಿದ್ದಾರೆ."

2. ಹೇಳಿದರು

ಮಧ್ಯಾಹ್ನ ಆ ದೇಶದಿಂದಲೇ ಪ್ರಕಟಣೆ ಬಂತು: ಏನೂ ಸೋರಿಲ್ಲ. ಶೆಟ್ರು ಇನ್ನೂ ನನ್ನ ಕೋಣೆಯಲ್ಲೇ ಚಾ ಕುಡಿಯುತ್ತಿದ್ದರು.

"ಈಗ ಎಂತ ಹೇಳ್ತೀರಿ?" ಎಂದರು ಹಾಜಿಯವರು.

"ಏನೂ ಆಗದಿದ್ರೆ ಆಗಿಲ್ಲ ಅಂತ ಯಾಕೆ ಹೇಳ್ಬೇಕು ಮಾರಾಯ್ರೇ? ನಾನು ಇವತ್ತು ಯಾರ ಕಿಸೆಗೂ ಕೈ ಹಾಕಿಲ್ಲ ಅಂತ ನಿಮಗೆ ಹೇಳಿದೆನಾ?"

ಹಾಜಿಯವರು ಮೆಲ್ಲಗೆ ತಮ್ಮ ಕಿಸೆ ಮುಟ್ಟಿ ನೋಡಿಕೊಂಡರು.

3. ಬನ್ಸ್

ಹಾಜಿಯವರು ಒಂದು ಮೀನನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಮರುದಿನ ನನ್ನ ಕೋಣೆಯಲ್ಲೇ ವರದಿ ಓದಿದ್ದಾಯಿತು: ವಿಕಿರಣ ಮಿತಿಯೊಳಗಿದೆ.

"ಮಿತಿಯೊಳಗೆ ಅಂದ್ರೆ ಸ್ವಲ್ಪ ಉಂಟು ಅಂತಾಯ್ತು," ಎಂದರು ಶೆಟ್ರು.

ಇನ್ನೊಂದು ದಿನ ಕಾಯುವ ಸ್ಥಿತಿಯಲ್ಲಿ ಮೀನು ಇರಲಿಲ್ಲ, ಹಾಜಿಯವರೂ ಇರಲಿಲ್ಲ. ಸಮಾಧಾನ ಮಾಡೋಣ ಎಂದು, "ಅಷ್ಟು ವಿಕಿರಣ ಬಾಳೆಹಣ್ಣಿನಲ್ಲೂ ಉಂಟು" ಎಂದೆ.

ಹಾಜಿಯವರು ತಲೆ ಎತ್ತಿದರು. "ಶೆಟ್ರೇ, ನಿಮ್ಮ ಬನ್ಸಿಗೆ ಹಾಕುವುದು ಬಾಳೆಹಣ್ಣೇ ಅಲ್ವಾ?"

ಆ ಬನ್ಸಿಗಾಗಿ ಕೂಳೂರು ಸೇತುವೆಯ ಬಳಿ ಗಾಡಿ ನಿಲ್ಲಿಸುವವರಿದ್ದಾರೆ. ಶೆಟ್ರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಹಾಜಿಯವರೇ, ಇದು ಹೊರಗೆ ಹೋಗುವುದು ಬೇಡ."

"ನೆರೆಯವರಿಗೆ ತಕ್ಷಣ ತಿಳಿಸಬೇಕಂತೆ ಶೆಟ್ರೇ. ಒಪ್ಪಂದ ಉಂಟಂತೆ."

ಸಂಜೆ ದೇರೆಬೈಲಿನ ಮನೆಯಲ್ಲಿ ಹೆಂಡತಿ ಕೇಳಿದಳು: "ಕೊನೆಗೆ ಶೆಟ್ರು ಎಷ್ಟು ಕೊಟ್ಟರು?"

"ಪೂರ್ತಿ ರೇಟು. ಮೇಲೆ ಹಾಜಿಯವರಿಗೆ ದಿನಾ ಎರಡು ಬನ್ಸ್ ಪುಕ್ಕಟೆ. ಆದರೆ ಒಂದನ್ನು ಮೊದಲು ಶೆಟ್ರೇ ಅವರೆದುರು ತಿಂದು ತೋರಿಸಬೇಕು."