ನಗದೆ ಮುಳುಗಬೇಕೆಂಬ ಷರತ್ತು

ಸಂತೋಷವನ್ನು ದೇವರ ಮನೆಯ ಮುಂಬಾಗಿಲಲ್ಲಿ ತಡೆದರೆ ಅದು ಹಿತ್ತಲ ಬಾಗಿಲಿಂದ ಬಂದು ಒಳಗೆ ಕೂತಿರುತ್ತದೆ. ನಮ್ಮ ಕ್ರೈಸ್ತ ಸಭೆಯಲ್ಲಿ ಇದು ಆಗುತ್ತಲೇ ಇರುತ್ತದೆ. ಬೆಳಗಾವಿಗೆ ಹೊಸ ಪಾದ್ರಿ ಸಾಹೇಬರು ಬಂದ ವರ್ಷವಂತೂ ಕೇಳಬೇಡಿ.

೧. ಸೂತಕದ ಮುಖ

ಸಾಹೇಬರು ಕೆಟ್ಟವರಲ್ಲ. ಓದು ಜಾಸ್ತಿಯಾಗಿ, ನಗುವುದು ಪಾಪ ಎಂಬ ತೀರ್ಮಾನಕ್ಕೆ ಬಂದಿದ್ದರು, ಅಷ್ಟೇ. ಬಂದವರೇ ಡೋಲು ನಿಲ್ಲಿಸಿದರು, ಚಪ್ಪಾಳೆ ನಿಲ್ಲಿಸಿದರು. ಸಾಲೆಗೆ ಹೋಗದೆ ಅಕ್ಷರ ಕಲಿತ ನನಗೆ ರೇಗಿಹೋಯಿತು. ಕಲೆಕ್ಟರನ ಮುಂದೆ ಜೋತುಬೀಳುವ ಮುಖವನ್ನೇ ದೇವರ ಮುಂದೂ ತೋರಿಸಬೇಕೇನು?

ಈಸ್ಟರ್ ಹಬ್ಬದ ಬೆಳಗ್ಗೆ ಆರಾಧನೆ ಮುಗಿಸಿ, ಎಲ್ಲರೂ ತಲೆ ತಗ್ಗಿಸಿಕೊಂಡು ರವಿವಾರ ಪೇಟೆಯಲ್ಲಿ ಸಾಲಾಗಿ ಬರುತ್ತಿದ್ದೆವು. ಬೆಲ್ಲದ ಅಂಗಡಿಯ ಸಾವುಕಾರರು ಗಾಬರಿಯಾಗಿ ಎದ್ದು ನಿಂತರು.

"ಯಾರು ತೀರಿಕೊಂಡ್ರಿ?"

"ಯಾರೂ ಇಲ್ರೀ. ಸತ್ತಿದ್ದ ನಮ್ಮ ಸ್ವಾಮಿ ಇವತ್ತ ಎದ್ದು ಬಂದಾನ್ರಿ," ಎಂದೆ.

ಸಾವುಕಾರರು ನಮ್ಮ ಸಾಲನ್ನು ತುದಿಯ ತನಕ ನೋಡಿದರು.

"ಹಂಗಾದ್ರ ಇವರಿಗೆ ಇನ್ನೂ ಯಾರೂ ಹೇಳಿಲ್ಲೇನ್ರಿ?"

೨. ಬಡಿಗೇರ ಹುಡುಗ

ಖಾನಾಪುರದಲ್ಲಿ ಬಿದಿರು ಬುಟ್ಟಿ ಹೆಣೆಯುವ ಮುದುಕಿಯೊಬ್ಬಳಿದ್ದಳು. ಎಲ್ಲರಿಗೂ ಆಯಿ. ಅವಳು ಹೆಣೆದ ಬುಟ್ಟಿ ಹೂ ಹೊತ್ತು ದೇವರ ತನಕ ಹೋಗುತ್ತಿತ್ತು. ಅವಳನ್ನು ಮಾತ್ರ ಜೀವಮಾನವಿಡೀ ಗುಡಿಯ ಹೊರಗೇ ನಿಲ್ಲಿಸಿದರು. ಈಗ ದೀಕ್ಷಾಸ್ನಾನ ಪಡೆದು ನಮ್ಮ ಸಭೆಯ ಒಳಗೆ ಬಂದು ಕೂರಬೇಕು ಎಂಬುದೊಂದೇ ಅವಳ ಆಸೆ. ಅದಕ್ಕೆ ಮೊದಲು ಸಾಹೇಬರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಸಾಹೇಬರು ನನ್ನನ್ನು ಕರೆದುಕೊಂಡು ಅವಳ ಮನೆಗೆ ಬಂದರು.

ಸ್ವಾಮಿಯ ಹೆಸರು ಎತ್ತಿದ ಕೂಡಲೇ ಆಯಿ ನಕ್ಕಳು.

"ಏಕೆ ನಗುತ್ತೀ?" ಎಂದರು ಸಾಹೇಬರು.

"ಕನಸಿನ್ಯಾಗ ನನ್ನ ಬಾಜು ಕುಂತು ಬುಟ್ಟಿ ಹೆಣ್ಯಾಕತ್ತಿದ್ದನ್ರಿ. ಸ್ವಾಮಿ ಬಡಿಗೇರ ಹುಡುಗ ನೋಡ್ರಿ, ಅವನ ಕೈಯಾಗ ಬಿದಿರು ಬಗ್ಗವಲ್ದು! ನಾ ನಕ್ಕೆ. ಅವನೂ ನಕ್ಕ."

ಹೊರಗೆ ಮಂಜು ಬಿದಿರ ಮೆಳೆಗಳನ್ನು ಮೆಲ್ಲಗೆ ಅಳಿಸುತ್ತಿತ್ತು. ಆ ಬಡಿಗೇರ ಹುಡುಗ ಅಲ್ಲೇ ಎಲ್ಲೋ, ಸೊಟ್ಟ ಬುಟ್ಟಿ ಹಿಡಿದು ಇನ್ನೂ ಕೂತಿದ್ದಾನೆ ಅನ್ನಿಸಿತು ನನಗೆ. ಸಾಹೇಬರಿಗೆ ಅನ್ನಿಸಲಿಲ್ಲ.

"ನಿನ್ನ ಪಾಪಕ್ಕಾಗಿ ಅತ್ತಿದ್ದೀಯಾ?"

"ಅಳೂದು ನನಗ ಮೊದಲ ಬರತಿತ್ರಿ ಸಾಹೇಬರ. ಅದನ್ನ ಕಲಿಯಾಕ ನಿಮ್ಮ ತನಕ ಯಾಕ ಬರಲಿ?"

೩. ಧರ್ಮಾಭ್ಯಾಸ

ಗಂಭೀರಳಾಗುವ ತನಕ ದೀಕ್ಷಾಸ್ನಾನವಿಲ್ಲ ಎಂದು ಸಾಹೇಬರು ಎದ್ದುಹೋದರು. ಆಯಿ ನನ್ನನ್ನು ಹಿಡಿದಳು.

"ತಮ್ಮಾ, ನಿನ್ನ ಮುಖ ಯಾವಾಗ್ಲೂ ಸಿಟ್ಟಿನ್ಯಾಗ ಇರತೈತಿ. ಹ್ಯಾಂಗ ಮಾಡತಿ? ನನಗೂ ಕಲಿಸು."

"ಸರಕಾರದ ಕಂದಾಯ ನೆನಸು," ಎಂದೆ.

ಆಯಿ ಬಾಯಿ ಬಿಗಿದು, ಹುಬ್ಬು ಗಂಟಿಕ್ಕಿ, ಅಂಗಳದಲ್ಲಿ ಕೂತಳು. ಪಕ್ಕದ ಮನೆಯಾಕೆ ಓಡಿ ಬಂದಳು.

"ಆಯೀ, ಹೊಟ್ಟಿ ನೋವೇನ? ಅಜವಾನ ಕುಟ್ಟಿ ಕೊಡ್ಲ್ಯಾ?"

"ಇಲ್ಲವ್ವಾ, ಧರ್ಮ ಕಲಿಯಾಕತ್ತೀನಿ."

೪. ಮಲಪ್ರಭೆಯಲ್ಲಿ

ನಾನು ನೆಟ್ಟಗೆ ಸಾಹೇಬರ ಬಂಗಲೆಗೆ ಹೋಗಿ ಜಗಳಕ್ಕೆ ನಿಂತೆ. "ಮದುವಿ ಮನ್ಯಾಗ ದ್ರಾಕ್ಷಾರಸ ತೀರಿದಾಗ ನಮ್ಮ ಸ್ವಾಮಿ ಏನಂದನ್ರಿ? 'ಚಲೋ ಆತು, ಇನ್ನರೆ ಸುಮ್ಮನ ಕುಂದರ್ರಿ' ಅಂದನೇನ್ರಿ? ನೀರನ್ನ ದ್ರಾಕ್ಷಾರಸ ಮಾಡಿ ಕೊಟ್ಟನಲ್ರಿ!"

ಸಾಹೇಬರು ಬೈಬಲ್ ತೆಗೆದು ಆ ಅಧ್ಯಾಯವನ್ನು ಎರಡು ಸಲ ಓದಿದರು. ಕೊನೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ: ನೀರಿಗಿಳಿದ ಮೇಲೆ ಆಯಿ ನಕ್ಕರೆ ವಿಧಿ ಅಲ್ಲಿಗೇ ನಿಲ್ಲುತ್ತದೆ.

ದೀಕ್ಷಾಸ್ನಾನದ ಬೆಳಗ್ಗೆ ನದಿ ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಬಿಳಿ ಸೀರೆಯ ಆಯಿ ಮಂಜಿನೊಳಗೆ ಇಳಿದಾಗ, ಮೋಡದ ಮೇಲೆ ನಡೆಯುತ್ತಿದ್ದಾಳೆ ಎಂದು ಒಂದು ಕ್ಷಣ ನಂಬಿಬಿಟ್ಟೆ. ಅವಳ ಹಿಂದೆ ಸಾಹೇಬರು, ಬೂಟು ಹಾಕಿಕೊಂಡೇ.

"ಬೂಟ ಕಳೀರಿ ಸಾಹೇಬರ, ಕಲ್ಲಿಗೆ ಪಾಚಿ ಐತಿ!" ದಂಡೆಯಿಂದ ಹೆಂಗಸರು ಕೂಗಿದರು.

"ವಿಧಿಯ ಹೊತ್ತಿನಲ್ಲಿ ಮಾತು ಬೇಡ," ಎಂದು ಸಾಹೇಬರು ಕೈ ಎತ್ತಿದರು. ಮರುಕ್ಷಣ ನೀರಿನ ಮೇಲೆ ಆ ಕೈಯೊಂದೇ ಉಳಿಯಿತು.

ನೆನೆಹಾಕಿದ ಬಿದಿರನ್ನು ಎಳೆಯುವಂತೆ ಆಯಿ ಅವರ ಕೊರಳಪಟ್ಟಿ ಹಿಡಿದು ಮೇಲೆಳೆದಳು. ದಂಡೆಯ ಮೇಲೆ ಎಲ್ಲರ ಬಾಯಿಗೂ ಸೆರಗು, ಟವೆಲ್ಲು. ಒಬ್ಬರೂ ನಗಲಿಲ್ಲ. ಒಬ್ಬರು ನಕ್ಕರೂ ಆಯಿ ನಗು ತಡೆಯಲಾರಳು, ಅವಳು ತಡೆಯದಿದ್ದರೆ ಮತ್ತೆ ಹೊರಗೇ ಉಳಿಯುತ್ತಾಳೆ. ಅವಳ ಗಲ್ಲ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಆದರೂ ನುಂಗಿಕೊಂಡು, ಬಹಳ ಗಂಭೀರವಾಗಿ ಹೇಳಿದಳು:

"ಸಾಹೇಬರ, ನಿಮ್ದು ಆತ್ರಿ. ಈಗ ನಂದು ಮಾಡ್ರಿ."

ಮೊದಲು ಸಾಹೇಬರ ಭುಜ ಅಲುಗಿತು. ಆಮೇಲೆ ಹೊಟ್ಟೆ. ಆಮೇಲೆ, ಅಷ್ಟು ವರ್ಷ ಕೂಡಿಟ್ಟದ್ದೆಲ್ಲ ಒಮ್ಮೆಲೇ ಹೊರಬಂದಂತೆ, ನಡುನೀರಿನಲ್ಲಿ ನಿಂತು ಗಹಗಹಿಸಿ ನಕ್ಕರು. ಆಯಿಗೆ ಜೀವ ಬಾಯಿಗೆ ಬಂತು.

"ನಗಬ್ಯಾಡ್ರಿ ಸಾಹೇಬರ! ನನ್ನ ಸ್ನಾನ ನಿಂತೀತು!"

ನಿಲ್ಲಲಿಲ್ಲ. ತಂದೆಯ, ಮಗನ, ಪವಿತ್ರಾತ್ಮನ ಹೆಸರನ್ನು ಬಿಕ್ಕಿ ಬಿಕ್ಕಿ ನಗುತ್ತಲೇ ಹೇಳಿ ಅವಳನ್ನು ಮುಳುಗಿಸಿ ಎತ್ತಿದರು. ಮೂಗಿನ ನೀರು ಒರೆಸಿಕೊಂಡು, ಇನ್ನೂ ಬಾಯಿ ಬಿಗಿಹಿಡಿದೇ, ಆಯಿ ಕೇಳಿದಳು:

"ಒಳಗ ಬಂದೆ ಹೌದಲ್ಲರಿ? ಈಗರೆ ನಗ್ಲ್ಯಾ?"